ಸೈಕಲ್ ಪಟುವಿನ ದಣಿವೂ ಬಿಡುವೂ

ನಾನು ಸೈಕಲ್ ಶರ್ಯತ್ತಿಗೆ ತಾಲೀಮು ಮಾಡುವವನೆಂದು ತಿಳಿದ ಕೂಡಲೆ ಜನರು ಕೇಳುವ ಪ್ರಶ್ನೆ ಒಂದೇ: “ದಿನಾ ಎಷ್ಟು ಕಿಲೋಮೀಟರ್ ತುಳೀತಿ?” ಗುರುಗಳು ಕೇಳಿದ್ದಾರೆ, ಗೆಳೆಯರು ಕೇಳಿದ್ದಾರೆ, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಅಪರಿಚಿತರೂ ಕೇಳಿದ್ದಾರೆ. ನಾನು ಹೇಳುವ ಅಂಕಿ ದೊಡ್ಡದಿದ್ದರೆ ಅವರಿಗೆ ಸಂತೋಷ, ಸಣ್ಣದಿದ್ದರೆ ನಿರಾಶೆ. “ದಿನಾ ಎಷ್ಟು ಹೊತ್ತು ಸುಮ್ಮನ ಕೂಡತಿ?” ಎಂದು ಈ ವರೆಗೆ ಒಬ್ಬರೂ ಕೇಳಿಲ್ಲ. ಒಂದು ವರ್ಷದ ಹಿಂದೆ ಯಾರಾದರೂ ಹಾಗೆ ಕೇಳಿದ್ದರೆ ನಾನು ಅದನ್ನು ಅಪಮಾನವೆಂದೇ ಬಗೆಯುತ್ತಿದ್ದೆ. ಇಂದು ಹಾಗಿಲ್ಲ. ಆ ಎರಡನೆಯ ಪ್ರಶ್ನೆಗೆ ಉತ್ತರ ಕೊಡುವ ಸಲುವಾಗಿಯೇ ನನ್ನ ಒಂದು ರವಿವಾರದ ದಿನಚರಿಯನ್ನು ವಾಚಕರ ಮುಂದೆ ಇಡುತ್ತಿದ್ದೇನೆ. ನಾನು ಕಲಾ ವಿಭಾಗದವನು; ಶರೀರಶಾಸ್ತ್ರ ನನ್ನ ಪಠ್ಯ ವಿಷಯವಲ್ಲ. ಪುಸ್ತಕಗಳಿಂದಲೂ ನಮ್ಮ ದೈಹಿಕ ಶಿಕ್ಷಣದ ಗುರುಗಳಿಂದಲೂ ತಿಳಿದದ್ದನ್ನು ನನ್ನ ಕಾಲುಗಳ ಸಾಕ್ಷಿಯೊಡನೆ ಕೂಡಿಸಿ ಬರೆದಿದ್ದೇನೆ. ವಿಜ್ಞಾನದ ಗುರುಗಳು ಓದಿದರೆ ತಪ್ಪನ್ನು ತಿದ್ದಬೇಕೆಂದು ಪ್ರಾರ್ಥನೆ.

ನಮ್ಮ ವಿಜಯಪುರ ಜಿಲ್ಲೆಗೂ ನೆರೆಯ ಬಾಗಲಕೋಟೆ ಜಿಲ್ಲೆಗೂ ಸೈಕಲ್ಲಿನ ಹುಚ್ಚು ಹೊಸದಲ್ಲ. ಊರ ಜಾತ್ರೆಗಳಲ್ಲಿ ಕುಸ್ತಿ, ಗುಂಡು ಎತ್ತುವದು, ಎತ್ತಿನ ಗಾಡಿಯ ಓಟ ಇವುಗಳ ಜೊತೆಗೆ ಸೈಕಲ್ ಶರ್ಯತ್ತೂ ನಡೆಯುವದುಂಟು. ಈ ಭಾಗದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಪದಕ ತಂದಿದ್ದಾರೆ. ಆಟದ ಬಲದ ಮೇಲೆ ರೇಲ್ವೆಯಲ್ಲಿ, ಸೈನ್ಯದಲ್ಲಿ ನೌಕರಿ ಹಿಡಿದವರೂ ಇದ್ದಾರೆ. ಆದಕಾರಣ ನಮ್ಮಂಥವರ ಮನೆಯಲ್ಲಿ ಸೈಕಲ್ಲೆಂದರೆ ಬರಿಯ ಆಟವಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನು. ನನ್ನ ಶರ್ಯತ್ತಿನ ಸೈಕಲ್ಲು ಹಳೆಯದು, ಇನ್ನೊಬ್ಬರು ಓಡಿಸಿ ಮಾರಿದ್ದು. ಅದನ್ನು ಕೊಳ್ಳುವದಕ್ಕೆ ಅಪ್ಪ ಒಂದು ಹೋರಿಗರುವನ್ನು ಮಾರಿದ. ಈ ಸಂಗತಿಯನ್ನು ಇಲ್ಲಿ ಹೇಳುವದಕ್ಕೆ ಕಾರಣವಿದೆ. ಅದು ಮುಂದೆ ತಿಳಿಯುವದು.

ರವಿವಾರ ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತದೆ. ಎದ್ದು ಕೂಡುವ ಮೊದಲೇ ಹಾಸಿಗೆಯಲ್ಲಿ ಮಲಗಿದ್ದಂತೆಯೇ ಕೊರಳ ಪಕ್ಕದಲ್ಲಿ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸುತ್ತೇನೆ. ಅನುಕೂಲವಿದ್ದವರು ಈಗ ಕೈಗಡಿಯಾರದಲ್ಲಿಯೇ ಇದನ್ನು ನೋಡುತ್ತಾರೆ; ಬೆರಳಿನ ಲೆಕ್ಕವೂ ಸುಳ್ಳು ಹೇಳುವದಿಲ್ಲ. ನನ್ನದು ಸಾಧಾರಣವಾಗಿ 52 ಇರುತ್ತದೆ. ಸೈಕಲ್ ತುಳಿಯದವರಲ್ಲಿ 70ರ ಆಚೀಚೆ ಇರಬಹುದು. ತಾಲೀಮಿನಿಂದ ಹೃದಯ ದೊಡ್ಡದಾಗಿ, ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ನೂಕುವದನ್ನು ಕಲಿಯುವದರಿಂದ ಅದು ನಿಧಾನವಾಗಿ ಬಡಿದರೂ ಸಾಗುತ್ತದೆ. ಮುಂಜಾನೆಯ ಈ ಅಂಕಿ ಏಳೆಂಟು ಏರಿದ್ದರೆ ಶರೀರ ಇನ್ನೂ ಹಿಂದಿನ ಸಾಲ ತೀರಿಸುತ್ತಿದೆಯೆಂದು ತಿಳಿದು ಅಂದಿನ ಕಠಿಣ ತಾಲೀಮನ್ನು ಬಿಟ್ಟುಬಿಡಬೇಕು. ಬರೆಯುವದಕ್ಕೆ ಇದು ಸುಲಭ. ಕೈಯಲ್ಲಿ ಹೆಲ್ಮೆಟ್ ಹಿಡಿದು ಗೆಳೆಯರು ಬಾಗಿಲಲ್ಲಿ ನಿಂತಾಗ ಬಿಡುವದು ಬಹಳ ಕಷ್ಟ.

ಒಂದು ಲೋಟ ಚಹಾ, ಎರಡು ಬಾಳೆಹಣ್ಣು. ನಿಜವಾದ ಊಟ ಹಿಂದಿನ ರಾತ್ರಿಯೇ ಆಗಿರುತ್ತದೆ: ಮೂರು ಜೋಳದ ರೊಟ್ಟಿ, ಬೇಳೆ ಪಲ್ಯ, ಶೇಂಗಾ ಚಟ್ನಿ, ಮೇಲೆ ಅನ್ನ ಸಾರು. ಜರ್ಸಿಯ ಹಿಂದಿನ ಜೇಬಿನಲ್ಲಿ ಒಂದು ಹಿಡಿ ಒಣದ್ರಾಕ್ಷಿ, ಬೆಲ್ಲದ ಒಂದು ತುಣುಕು. ಒಣದ್ರಾಕ್ಷಿಯನ್ನು ಕೊಡುವವನು ತಿಕೋಟಾ ಕಡೆಯ ಗೆಳೆಯ, ಅವನದು ದ್ರಾಕ್ಷಿ ತೋಟದ ಮನೆ. ಇನ್ನೊಬ್ಬನು ವಾಣಿಜ್ಯ ವಿಭಾಗದವನು. ದಾರಿಯ ಖರ್ಚಿನ ಲೆಕ್ಕವನ್ನೆಲ್ಲ ಅವನೇ ಇಡುತ್ತಾನೆ. ನಾಲ್ಕನೆಯವನು ಪಿ.ಯು.ಸಿ.ಗೇ ಓದು ನಿಲ್ಲಿಸಿ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ವಾರವಿಡೀ ಮೋಟಾರುಗಳ ಕೆಳಗೆ ಮಲಗಿ ಕೆಲಸ ಮಾಡಿ ರವಿವಾರ ನಮ್ಮೆಲ್ಲರಿಗಿಂತ ಮುಂದೆ ಹೋಗುವವನು ಅವನೇ. ಹೊರಡುವ ಮೊದಲು ಎಲ್ಲರ ಸೈಕಲ್ಲಿನ ಬ್ರೇಕು, ಚೈನು, ಟಾಯರಿನ ಹವಾ ನೋಡುವದು ಅವನ ಅಧಿಕಾರ. ನನ್ನ ಸೀಟನ್ನು ಎರಡು ಬೆರಳು ಎತ್ತರಿಸಿದವನೂ ಅವನೇ. ಪೆಡಲ್ ಅತಿ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗ ಇಟ್ಟರೆ ಮೊಣಕಾಲು ತುಸುವೇ ಮಡಚಿರಬೇಕು. ಸೀಟು ತಗ್ಗಿದ್ದರೆ ಮೊಣಕಾಲಿನ ಚಿಪ್ಪಿಗೆ ಪೆಟ್ಟು. ಊರಲ್ಲಿ ಅಪ್ಪನ ಕಪ್ಪು ಸೈಕಲ್ಲನ್ನು ಕತ್ತರಿಗಾಲಿನಲ್ಲಿ ಕಲಿತ ನಮಗೆ ಇದನ್ನೆಲ್ಲ ಯಾರು ಹೇಳಿದ್ದರು?

ಐದೂವರೆಗೆ ದೀಪ ಹಚ್ಚಿಕೊಂಡು ಪಶ್ಚಿಮಕ್ಕೆ, ತಿಕೋಟಾದ ದಾರಿ ಹಿಡಿಯುತ್ತೇವೆ. ತಿಕೋಟಾ ಇಲ್ಲಿಂದ ಸುಮಾರು 20 ಕಿಲೋಮೀಟರು. ಶ್ರಾವಣ ಮಾಸದಲ್ಲಿ ಈ ದಾರಿಯನ್ನು ಆರಿಸುವದಕ್ಕೆ ಒಂದು ಕಾರಣವುಂಟು. ಮಳೆಗಾಲದ ಗಾಳಿ ಪಡುವಣದಿಂದ ಬೀಸುತ್ತದೆ. ಎರೆಭೂಮಿಯ ಬಯಲಿನಲ್ಲಿ ಅದಕ್ಕೆ ಗುಡ್ಡದ ಅಡ್ಡಿಯಿಲ್ಲ, ಕಾಡಿನ ಅಡ್ಡಿಯಿಲ್ಲ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನ ಗಾಳಿ. ಶಕ್ತಿಯಿರುವಾಗಲೇ ಕಷ್ಟ ತೀರಿಸಿಕೊಳ್ಳುವದು ಜಾಣತನ. ಇದನ್ನು ತಿರುವು ಮುರುವು ಮಾಡಿದವರು ಒಮ್ಮೆ ಮಾತ್ರ ಮಾಡುತ್ತಾರೆ!

ಸಮತಟ್ಟಾದ ರಸ್ತೆಯಲ್ಲಿ ಸೈಕಲ್ ಸವಾರನ ವೈರಿ ಗಾಳಿಯೇ. ವೇಗ ಗಂಟೆಗೆ 30 ಕಿ.ಮೀ. ದಾಟಿತೆಂದರೆ ಅವನ ಶಕ್ತಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಗಾಳಿಯನ್ನು ಸೀಳುವದಕ್ಕೇ ಖರ್ಚಾಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಸರಿಸಿ ಏರುತ್ತದೆ. ಅದನ್ನು ಎದುರಿಸಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಸರಿಸಿ ಏರುತ್ತದೆ. ಅಂದರೆ ಗಾಳಿಯಿಲ್ಲದ ದಿನ 20 ಕಿ.ಮೀ. ವೇಗದವನು 40 ಕಿ.ಮೀ. ವೇಗಕ್ಕೆ ಹೋಗಬೇಕಾದರೆ ಗಾಳಿಗೆ ಎರಡು ಪಟ್ಟಲ್ಲ, ಎಂಟು ಪಟ್ಟು ಶಕ್ತಿ ತೆರಬೇಕು. ಒಂದು ಗಂಟೆಯಲ್ಲಿ ಒಬ್ಬನೇ ಎಷ್ಟು ದೂರ ಸಾಗಬಲ್ಲನೆಂಬ ದಾಖಲೆಯ ಇತಿಹಾಸವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವದು. 1893ರಲ್ಲಿ ಫ್ರಾನ್ಸಿನ ಆನ್ರಿ ದೆಗ್ರಾಂಜ್ ಎಂಬವನು 35.325 ಕಿ.ಮೀ. ಹೋದ. ಮುಂದೆ 1903ರಲ್ಲಿ ಟೂರ್ ದ ಫ್ರಾನ್ಸ್ ಶರ್ಯತ್ತನ್ನು ಆರಂಭಿಸಿದವನೂ ಅವನೇ. 1972ರಲ್ಲಿ ಬೆಲ್ಜಿಯಮ್ಮಿನ ಎಡ್ಡಿ ಮೆರ್ಕ್ಸ್ ಹವೆ ತೆಳುವಾಗಿರುವ ಎತ್ತರದ ಮೆಕ್ಸಿಕೋ ನಗರಕ್ಕೆ ಹೋಗಿ 49.431 ಕಿ.ಮೀ. ಸಾಧಿಸಿದ. 2022ರಲ್ಲಿ ಇಟಲಿಯ ಫಿಲಿಪ್ಪೊ ಗಾನ್ನಾ 56.792 ಕಿ.ಮೀ. ಮುಟ್ಟಿದ. ಸುಮಾರು 130 ವರ್ಷಗಳಲ್ಲಿ ಸೈಕಲ್ಲು, ಉಡುಪು, ರಸ್ತೆ, ಆಹಾರ ಎಲ್ಲ ಬದಲಾದರೂ ದೂರ ಎರಡು ಪಟ್ಟಾಗಿಲ್ಲ. ಗಾಳಿ ಅಷ್ಟು ಬಿಗಿ ಲೆಕ್ಕದ ಸಾಹುಕಾರ.

ಈ ಸಾಹುಕಾರನಿಗೆ ನಾಲ್ವರು ಕೂಡಿ ಸಾಲ ತೀರಿಸಿದರೆ ಹಗುರ. ಒಬ್ಬನ ಹಿಂದಿನ ಗಾಲಿಗೆ ಮೊಳದಂತರದಲ್ಲಿ ಇನ್ನೊಬ್ಬನು ಮುಂದಿನ ಗಾಲಿಯನ್ನು ಹಿಡಿದು ಸಾಗಿದರೆ ಹಿಂದಿನವನಿಗೆ ಕಾಲುಭಾಗದಿಂದ ಮೂರನೆಯ ಒಂದು ಭಾಗದ ವರೆಗೆ ಶಕ್ತಿ ಉಳಿಯುತ್ತದೆ. ಸೋಜಿಗದ ಸಂಗತಿಯೆಂದರೆ ಹಿಂದೆ ಒಬ್ಬನಿರುವದರಿಂದ ಮುಂದಿನವನಿಗೂ ತುಸು ಲಾಭವೇ. ಅವನ ಬೆನ್ನ ಹಿಂದೆ ಸುಳಿಯುವ ಹವೆಯ ಸೆಳೆತ ಕಡಿಮೆಯಾಗುತ್ತದೆ. ನಾವು ನಿಮಿಷಕ್ಕೊಬ್ಬರಂತೆ ಸರತಿ ಹಿಡಿಯುತ್ತೇವೆ. ಮುಂದಿದ್ದವನು ಸರತಿ ಮುಗಿದ ಕೂಡಲೆ ಬಲಕ್ಕೆ ಸರಿದು, ನಿಧಾನಿಸಿ, ಕೊನೆಯವನ ಬೆನ್ನು ಸೇರುತ್ತಾನೆ. ಹಿಂದಿನಿಂದ ಲಾರಿ ಬಂದರೆ “ಗಾಡೀ” ಎಂಬ ಕೂಗು. ಗುಂಡಿ ಬಂದರೆ ಬೆರಳಿನ ಸನ್ನೆ. ಹೀಗೆ ಒಬ್ಬರ ಬೆನ್ನು ನೋಡುತ್ತ ಮೈಲುಗಟ್ಟಲೆ ಹೋದರೆ ಮನುಷ್ಯನ ಗುಣ ತಿಳಿಯುತ್ತದೆ. ವಾಣಿಜ್ಯದವನು ಲೆಕ್ಕದಂತೆ ಅರವತ್ತು ಎಣಿಸಿ ಸರಿಯುತ್ತಾನೆ. ಗ್ಯಾರೇಜಿನವನು ತೊಂಬತ್ತಾದರೂ ಸರಿಯುವದಿಲ್ಲ. ನಾನು ಕೆಲವೊಮ್ಮೆ ಐವತ್ತಕ್ಕೇ ಸರಿದಿದ್ದೇನೆ. ಯಾರೂ ಏನೂ ಅಂದಿಲ್ಲ, ಆದರೆ ಎಲ್ಲರಿಗೂ ಗೊತ್ತಾಗಿದೆ.

ತಿಕೋಟಾ ದಾಟಿದ ಮೇಲೆ ನಿಜವಾದ ತಾಲೀಮು ಆರಂಭವಾಗುತ್ತದೆ. ಅದುವರೆಗೆ ಆದದ್ದು ಮೈ ಕಾಯಿಸಿಕೊಳ್ಳುವದಷ್ಟೇ. ಇಲ್ಲಿ ಸರತಿ ಸಾಲು ಒಡೆದು ಒಬ್ಬೊಬ್ಬರೇ, ನಡುವೆ ದೂರ ಬಿಟ್ಟು, ನಾಲ್ಕು ನಿಮಿಷ ಮೈಮರೆತು ತುಳಿಯಬೇಕು. ಅನಂತರ ನಾಲ್ಕು ನಿಮಿಷ ಹಗುರ ಗೇರಿನಲ್ಲಿ ಕಾಲಾಡಿಸಬೇಕು. ಹೀಗೆ ಐದು ಸಲ. ಮೊದಲನೆಯದು ಸುಲಭವೆನಿಸುತ್ತದೆ, ಅದೇ ಅದರ ಮೋಸ. ಎರಡನೆಯದರಲ್ಲಿ ಉಸಿರು ಬಾಯಿಗೆ ಬರುತ್ತದೆ. ಮೂರನೆಯದು ಅತಿ ಕೆಟ್ಟದ್ದು. ಆಗಿದ್ದೂ ಹೆಚ್ಚಲ್ಲ, ಉಳಿದದ್ದೂ ಕಡಿಮೆಯಲ್ಲ. ತೊಡೆಯಲ್ಲಿ ಕೆಂಡವಿಟ್ಟಂತಾಗಿ ಎರಡೂ ಬದಿಯ ತೊಗರಿ ಹೊಲ ಕಾಣುವದಿಲ್ಲ. ಕಾಣುವದು ಮುಂದಿನ ಗಾಲಿಯ ಮುಂದಣ ಎರಡು ಗೇಣು ಡಾಂಬರು ಮಾತ್ರ. ನಾಲ್ಕನೆಯದರಲ್ಲಿ “ಇವತ್ತಿಗೆ ಸಾಕು” ಎಂಬುದಕ್ಕೆ ನೂರು ನ್ಯಾಯವಾದ ಕಾರಣಗಳು ಹೊಳೆಯುತ್ತವೆ. ಐದನೆಯದನ್ನು ಹೇಗೆ ಮುಗಿಸುತ್ತೇವೆಂಬುದನ್ನು ನಾನು ವರ್ಣಿಸಲಾರೆ.

ಈ ಪದ್ಧತಿಗೆ ಇಂಗ್ಲಿಷಿನಲ್ಲಿ ಇಂಟರ್ವಲ್ ಎಂದು ಹೆಸರು. 1930ರ ದಶಕದಲ್ಲಿ ಜರ್ಮನಿಯ ತರಬೇತುದಾರ ವೊಲ್ಡೆಮರ್ ಗೆರ್ಶ್ಲರ್ ಎಂಬವನೂ ಹೃದಯವೈದ್ಯ ಹರ್ಬರ್ಟ್ ರೈನ್‌ಡೆಲ್ ಎಂಬವನೂ ಇದನ್ನು ಓಟಗಾರರ ಸಲುವಾಗಿ ಶಾಸ್ತ್ರೀಯವಾಗಿ ರೂಪಿಸಿದರು. ಗೆರ್ಶ್ಲರನ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರ್ ಓಟವನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದ. ನಾನು ಬಹಳ ದಿನ ಇಂಟರ್ವಲ್ ಎಂದರೆ ಆ ಜೋರಿನ ನಾಲ್ಕು ನಿಮಿಷವೆಂದೇ ತಿಳಿದಿದ್ದೆ. ಹಾಗಲ್ಲ. ಸಿನೇಮಾದಲ್ಲಿ ಇಂಟರ್ವಲ್ ಎಂದರೆ ಏನೋ ಇಲ್ಲಿಯೂ ಅದೇ. ಎರಡು ಓಟಗಳ ನಡುವಿನ ಬಿಡುವಿಗೆ ಆ ಹೆಸರು. ಹೃದಯ ಬಲಗೊಳ್ಳುವದು ಆ ಬಿಡುವಿನಲ್ಲಿಯೇ ಎಂಬುದು ಅವರಿಬ್ಬರ ನಂಬಿಕೆಯಾಗಿತ್ತು. ಅದು ಅಕ್ಷರಶಃ ಪೂರ್ತಿ ನಿಜವಲ್ಲದಿದ್ದರೂ ಪದ್ಧತಿಯ ಹೆಸರನ್ನು ದುಡಿಮೆಗೆ ಕೊಡದೆ ಬಿಡುವಿಗೆ ಕೊಟ್ಟರೆಂಬುದು ನನಗೆ ಬಹಳ ಮೆಚ್ಚಿಗೆಯಾಯಿತು.

ತೊಡೆಯ ಉರಿಗೆ ಕಾರಣ ಲ್ಯಾಕ್ಟಿಕ್ ಆಮ್ಲವೆಂಬ ವಿಷ, ಅದು ಸ್ನಾಯುಗಳಲ್ಲಿ ಕೂತು ಮರುದಿನವೂ ನೋಯಿಸುತ್ತದೆ ಎಂದು ಹಿಂದಿನ ಪುಸ್ತಕಗಳು ಹೇಳುತ್ತಿದ್ದವು. ಆಟದ ಬಯಲಿನಲ್ಲಿ ಈಗಲೂ ಹೇಳುವವರಿದ್ದಾರೆ. ಈಗಿನ ತಿಳಿವಳಿಕೆ ಬೇರೆ. ಲ್ಯಾಕ್ಟೇಟ್ ವಿಷವಲ್ಲ, ಉರುವಲು. ಹೃದಯವೂ ಇತರ ಸ್ನಾಯುಗಳೂ ಅದನ್ನೇ ಉರಿಸಿಕೊಳ್ಳುತ್ತವೆ. ತಾಲೀಮು ನಿಂತ ಸುಮಾರು ಒಂದು ಗಂಟೆಯಲ್ಲಿ ಅದು ಮೊದಲಿನ ಪ್ರಮಾಣಕ್ಕೆ ಇಳಿಯುತ್ತದೆ. ಮರುದಿನದ ನೋವು ಸ್ನಾಯುವಿನ ಎಳೆಗಳಲ್ಲಿ ಆದ ಸೂಕ್ಷ್ಮ ಗಾಯಗಳದ್ದು. ಗಾಯವೆಂದ ಮೇಲೆ ಮಾಯುವದಕ್ಕೆ ಸಮಯ ಬೇಕಷ್ಟೆ?

ಐದೂ ಮುಗಿದ ಮೇಲೆ ದಾರಿಬದಿಯ ಚಹಾದ ಅಂಗಡಿಯ ಬಾಂಕಿನ ಮೇಲೆ ಹತ್ತು ನಿಮಿಷ. ಒಣದ್ರಾಕ್ಷಿ ಹೊರಗೆ ಬರುತ್ತದೆ. ಮನುಷ್ಯನ ಸ್ನಾಯು ಮತ್ತು ಯಕೃತ್ತುಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಅದು ಎಲ್ಲ ಸೇರಿ 400ರಿಂದ 500 ಗ್ರಾಂ. ಜೋರಾಗಿ ತುಳಿದರೆ ಒಂದೂವರೆ ಎರಡು ತಾಸಿಗೆ ಸಾಲುವಷ್ಟು. ಕೊಬ್ಬಿನ ದಾಸ್ತಾನು ಇದಕ್ಕಿಂತ ಎಷ್ಟೋ ಪಟ್ಟು ಇದ್ದರೂ ಅದು ಒದ್ದೆ ಕಟ್ಟಿಗೆಯಂತೆ, ನಿಧಾನವಾಗಿ ಉರಿಯುತ್ತದೆ. ಸಕ್ಕರೆ ಮುಗಿದಾಗ ಕಣ್ಣಿಗೆ ಕತ್ತಲೆ ಬಂದು, ಕೈ ನಡುಗಿ, ಕಾರಣವಿಲ್ಲದೆ ಅಳು ಬರುತ್ತದೆ. ಮಿತ್ರನೊಬ್ಬನು ಹೀಗೆ ರಸ್ತೆಯ ಬದಿಗೆ ಕುಳಿತು “ನಾ ಇಲ್ಲೇ ಇರತೇನಿ, ನೀವ್ ಹೋಗ್ರಿ” ಎಂದದ್ದನ್ನು ಕಂಡಿದ್ದೇವೆ. ಒಂದು ತುಣುಕು ಬೆಲ್ಲ ತಿಂದ ಹತ್ತು ನಿಮಿಷಕ್ಕೆ ಅವನೇ ಎಲ್ಲರನ್ನೂ ಬೈಯುತ್ತ ಮುಂದೆ ಹೊರಟ. ನೀರಿನ ಲೆಕ್ಕವೂ ಹೀಗೆಯೇ. ನಾವು ಉರಿಸಿದ್ದರಲ್ಲಿ ನಾಲ್ಕನೆಯ ಒಂದು ಭಾಗ ಕೂಡ ಪೆಡಲಿಗೆ ಪೂರ್ತಿಯಾಗಿ ಮುಟ್ಟುವದು ಅಪರೂಪ, ಉಳಿದದ್ದು ಶಾಖ. ಪೆಡಲಿನ ಮೇಲೆ 200 ವ್ಯಾಟ್ ಶಕ್ತಿ ಹಾಕುವವನ ಮೈಯಲ್ಲಿ 600 ವ್ಯಾಟಿಗಿಂತ ಹೆಚ್ಚಿನ ಶಾಖ ಹುಟ್ಟುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಲೆಕ್ಕ ಹಾಕಿ ನೋಡಿದರೆ ತಾಸಿಗೆ ಲೀಟರಿನಷ್ಟು ಬೆವರು ಬೇಕೇ ಬೇಕು. ಬರಿಯ ನೀರಲ್ಲ, ಚಿಟಿಕೆ ಉಪ್ಪು, ತುಸು ಸಕ್ಕರೆ, ಲಿಂಬೆಹಣ್ಣು ಹಿಂಡಿದ ನೀರು.

ಬೆನ್ನ ಗಾಳಿಯಲ್ಲಿ ಮರಳುವದು ಸುಖವಾದ ಕೆಲಸ, ಅದರ ಬಗ್ಗೆ ಬರೆಯುವಂಥದೇನೂ ಇಲ್ಲ. ಗೋಲಗುಮ್ಮಟ ದೂರದಿಂದ ಕಂಡಾಗ ಯಾರೂ ಹೇಳದೆಯೇ ಶರ್ಯತ್ತು ಹಚ್ಚುತ್ತೇವೆ, ಗ್ಯಾರೇಜಿನವನು ಗೆಲ್ಲುತ್ತಾನೆ. ಎಲ್ಲ ಸೇರಿ 75 ಕಿಲೋಮೀಟರಿನಷ್ಟಾಗಿ ಒಂಬತ್ತಕ್ಕೆ ಖೋಲಿಯಲ್ಲಿ ಇರುತ್ತೇವೆ.

ಇನ್ನು ಮೊದಲು ಮುಂದೂಡಿದ ಮಾತಿಗೆ ಬರುತ್ತೇನೆ. ಕಳೆದ ವರ್ಷ ಇದೇ ಕಾಲಕ್ಕೆ ನನಗೆ ಒಂಬತ್ತಕ್ಕೆ ಮರಳುವದು ಗೊತ್ತಿರಲಿಲ್ಲ. ಕಾಲೇಜುಗಳ ನಡುವಿನ ಒಂದು ಶರ್ಯತ್ತು ಮೂರು ವಾರ ಉಳಿದಿತ್ತು. ಗೆದ್ದರೆ ಮೇಲಿನ ಹಂತ, ಅಲ್ಲಿ ಮುಂದೆ ಬಂದರೆ ನೌಕರಿಯ ಆಸೆ. ದಿನಾಲು ತೊಂಬತ್ತು ನೂರು ಕಿಲೋಮೀಟರು ತುಳಿದೆ. ಗೆಳೆಯರು ಒಂದು ದಿನ ಬಿಟ್ಟು ಬರುತ್ತಿದ್ದರು. ಅವರನ್ನು ಮೈಗಳ್ಳರೆಂದು ಬಗೆದು ಒಬ್ಬನೇ ಹೋದೆ. ಸಂಜೆ ಅವರು ತಿರುಗಾಡಲು ಕರೆದರೆ ಓದುವದಿದೆ ಎಂದೆ. ಓದಲು ಕುಳಿತರೆ ಅಕ್ಷರ ತಲೆಗೆ ಹತ್ತುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಸುಮ್ಮನೆ ಕೂಡುವದು ನನಗೆ ಕಳ್ಳತನದಂತೆ ಅನಿಸುತ್ತಿತ್ತು. ಅಪ್ಪ ಹೊಲದಲ್ಲಿ ಬಗ್ಗಿರುವ ಹೊತ್ತಿಗೆ, ಅವ್ವ ಇನ್ನೊಬ್ಬರ ಹೊಲಕ್ಕೆ ಕಳೆ ತೆಗೆಯಲು ಹೋದ ಹೊತ್ತಿಗೆ, ಅವರ ಹೋರಿಗರು ಮಾರಿದ ದುಡ್ಡಿನ ಮೇಲೆ ಕುಳಿತ ನಾನು ಹುಲ್ಲಿನ ಮೇಲೆ ಕಾಲು ಚಾಚಿ ಚುರುಮುರಿ ತಿನ್ನುವದೇ? ಇದು ನನ್ನೊಬ್ಬನ ಮಾತಲ್ಲವೆಂದು ತೋರುತ್ತದೆ. ನಮ್ಮ ಕಾಲೇಜಿನಲ್ಲಿ ನನ್ನಂತೆ ಮನೆಗೆ ಮೊದಲಿಗರಾಗಿ ಓದಲು ಬಂದವರು ಬಹಳ ಜನ. ನಮಗೆ ದುಡಿಯುವದನ್ನು ಯಾರೂ ಕಲಿಸಬೇಕಾಗಿಲ್ಲ.

ಹತ್ತನೆಯ ದಿನದ ಹೊತ್ತಿಗೆ ಮುಂಜಾನೆಯ ನಾಡಿ 52ರಿಂದ 64ಕ್ಕೆ ಏರಿತು. ಅದನ್ನು ಉತ್ಸಾಹದ ಲಕ್ಷಣವೆಂದುಕೊಂಡೆ! ರಾತ್ರಿ ನಿದ್ದೆಯಿಲ್ಲ, ಹಗಲು ಹಸಿವಿಲ್ಲ. ಸೀಟಿನ ಒಂದು ಬೋಲ್ಟಿನ ಸಲುವಾಗಿ ಗ್ಯಾರೇಜಿನ ಗೆಳೆಯನೊಡನೆ ಜಗಳಾಡಿ ನಾಲ್ಕು ದಿನ ಮಾತು ಬಿಟ್ಟೆ. ಶರ್ಯತ್ತಿನ ದಿನ 22ನೆಯ ಕಿಲೋಮೀಟರಿನಲ್ಲಿ, ಇನ್ನೂ ಅರ್ಧ ದಾರಿ ಕೂಡ ಆಗಿರದಾಗ, ಗುಂಪು ನನ್ನನ್ನು ಬಿಟ್ಟು ಹೋಯಿತು. ಕಾಲು ನೋಯುತ್ತಿರಲಿಲ್ಲ, ಖಾಲಿಯಾಗಿತ್ತು. ಬೇವಿನ ಗಿಡದ ಕೆಳಗೆ ಸೈಕಲ್ ಮಲಗಿಸಿ ಹಿಂದೆ ಬರುವ ವ್ಯಾನಿನ ದಾರಿ ಕಾಯ್ದೆ.

ಮರುದಿನ ಊರಿಗೆ ಹೋದೆ. ಹದವಾದ ಮಳೆಯಾಗಿ ಹೊಲದ ಕೆಲಸ ಬಹಳವಿದ್ದರೂ ಎತ್ತುಗಳು ಕೊಟ್ಟಿಗೆಯಲ್ಲಿ ಮಲಗಿ ಮೆಲಕು ಹಾಕುತ್ತಿದ್ದವು. ಅಪ್ಪ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ಅಂದು ಸೋಮವಾರ. ನಮ್ಮ ಕಡೆಗೆ ಸೋಮವಾರ ಬಸವಣ್ಣನ ವಾರ. ಎಷ್ಟೇ ಅವಸರವಿರಲಿ, ಎತ್ತಿನ ಹೆಗಲಿಗೆ ನೊಗ ಇಡುವದಿಲ್ಲ. ನನ್ನ ಕಥೆಯನ್ನೆಲ್ಲ ಕೇಳಿ ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಎತ್ತಿಗೆ ಸೋಮಾರ ಐತಿ. ನಿನಗ ಇಲ್ಲೇನೋ ತಮ್ಮಾ?” ಎಂದ. ಕರುವಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈ ಪ್ರಸಂಗವನ್ನು ನಮ್ಮ ದೈಹಿಕ ಶಿಕ್ಷಣದ ಗುರುಗಳಿಗೆ ಹೇಳಿದಾಗ ಅವರು ನಕ್ಕು 1966ರ ಒಂದು ಪ್ರಯೋಗದ ವಿಷಯ ತಿಳಿಸಿದರು. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಯೋನಾಸ್ ಬರ್ಗ್‌ಸ್ಟ್ರೋಮ್, ಎರಿಕ್ ಹುಲ್ಟ್‌ಮನ್ ಎಂಬ ಇಬ್ಬರು ವೈದ್ಯರಿದ್ದರು. ನಿಂತಲ್ಲಿಯೇ ತುಳಿಯುವ ಒಂದೇ ಸೈಕಲ್ ಯಂತ್ರದ ಎರಡು ಬದಿಗೆ ಇಬ್ಬರೂ ಕುಳಿತರು. ಒಬ್ಬನು ಒಂದು ಪೆಡಲನ್ನು ಒಂದೇ ಕಾಲಿನಿಂದ ತುಳಿದ, ಇನ್ನೊಬ್ಬನು ಎದುರಿನ ಪೆಡಲನ್ನು ಒಂದೇ ಕಾಲಿನಿಂದ ತುಳಿದ. ಇಬ್ಬರ ಇನ್ನೊಂದು ಕಾಲು ಸುಮ್ಮನಿತ್ತು. ಇನ್ನು ಸಾಧ್ಯವಿಲ್ಲವೆನ್ನುವ ವರೆಗೆ ತುಳಿದು, ದಪ್ಪ ಸೂಜಿಯಿಂದ ತಮ್ಮ ತೊಡೆಯ ಸ್ನಾಯುವಿನ ಚೂರನ್ನೇ ತೆಗೆದು ಪರೀಕ್ಷಿಸಿದರು. ದಣಿದ ಕಾಲಿನಲ್ಲಿ ಗ್ಲೈಕೋಜನ್ ಹೆಚ್ಚುಕಡಿಮೆ ಬರಿದಾಗಿತ್ತು. ಸುಮ್ಮನಿದ್ದ ಕಾಲಿನಲ್ಲಿ ಇದ್ದಷ್ಟೇ ಇತ್ತು. ಮುಂದೆ ಮೂರು ದಿನ ವಿಶ್ರಾಂತಿ ತೆಗೆದುಕೊಂಡು ಪಿಷ್ಟ ಹೆಚ್ಚಾಗಿರುವ ಊಟ ಮಾಡಿದರು. ಆಗ ನೋಡಿದರೆ ದಣಿದಿದ್ದ ಕಾಲು ತನ್ನ ಕೊರತೆಯನ್ನು ತುಂಬಿಕೊಂಡು ಅಷ್ಟಕ್ಕೇ ನಿಂತಿರಲಿಲ್ಲ. ಸುಮ್ಮನಿದ್ದ ಕಾಲಿನ ಸುಮಾರು ಎರಡು ಪಟ್ಟು ಸಕ್ಕರೆಯನ್ನು ಕೂಡಿಟ್ಟುಕೊಂಡಿತ್ತು. ಮನುಷ್ಯ ಒಬ್ಬನೇ, ರಕ್ತ ಒಂದೇ, ಊಟ ಒಂದೇ. ಕಾಲು ಮಾತ್ರ ಬೇರೆ.

ಈ ಪ್ರಯೋಗದಿಂದ ಎರಡು ಸಂಗತಿ ಒಟ್ಟಿಗೇ ತಿಳಿಯುತ್ತವೆ. ದಣಿಯದ ಕಾಲಿಗೆ ಊಟವೂ ವಿಶ್ರಾಂತಿಯೂ ಸಿಕ್ಕರೂ ಅದು ಅಷ್ಟು ತುಂಬಿಕೊಳ್ಳಲಿಲ್ಲ. ಆದಕಾರಣ ಸೋಮಾರಿಗೆ ಇದರಲ್ಲಿ ಸಮಾಧಾನವಿಲ್ಲ. ದಣಿದ ಕಾಲು ತುಂಬಿಕೊಂಡದ್ದು ತುಳಿಯುವ ಹೊತ್ತಿನಲ್ಲಿ ಅಲ್ಲ, ಅನಂತರದ ಮೂರು ದಿನಗಳಲ್ಲಿ. ಆದಕಾರಣ ಕಳೆದ ವರ್ಷದ ನನ್ನಂಥವನಿಗೂ ಸಮಾಧಾನವಿಲ್ಲ. ತಾಲೀಮಿನ ಹೊತ್ತಿನಲ್ಲಿ ಶಕ್ತಿ ಬರುವದಿಲ್ಲ, ಹೋಗುತ್ತದೆ. ಅದು ಬರುವದು ಉಂಡು, ಮಲಗಿ, ನಕ್ಕು ಕಾಲ ಕಳೆಯುವಾಗ. ನಾನು ಇಪ್ಪತ್ತು ದಿನ ಹೊಲ ಉತ್ತೆನೇ ಹೊರತು ಬೆಳೆ ಬರಲು ಬಿಟ್ಟಿರಲಿಲ್ಲ.

ಈಗಿನ ರವಿವಾರ ಒಂಬತ್ತರ ನಂತರ ಹೀಗಿರುತ್ತದೆ. ಮರಳಿದ ಅರ್ಧ ತಾಸಿನೊಳಗೆ ಏನಾದರೂ ತಿನ್ನಬೇಕು. ಅವಲಕ್ಕಿ, ಮೊಸರು, ತತ್ತಿ, ಸಿಕ್ಕದ್ದು. ಸ್ನಾನ. ಸೈಕಲ್ಲಿನ ಚೈನು ಒರೆಸುವದು. ಮಧ್ಯಾಹ್ನ ಸಮೀಪದ ಖಾನಾವಳಿಯಲ್ಲಿ ನಾಲ್ವರೂ ರೊಟ್ಟಿ ಉಣ್ಣುತ್ತೇವೆ. ರೊಟ್ಟಿಯ ಲೆಕ್ಕ ಇಡುವದನ್ನು ಖಾನಾವಳಿಯ ಕಾಕಾ ಬಿಟ್ಟುಬಿಟ್ಟಿದ್ದಾರೆ. ಆಮೇಲೆ ನಿದ್ದೆ. ಗಾಢ ನಿದ್ದೆಯಲ್ಲಿಯೇ ಶರೀರದ ರಿಪೇರಿಗೆ ಬೇಕಾದ ರಸಗಳು ಹೇರಳವಾಗಿ ಸ್ರವಿಸುತ್ತವೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಮೊಬೈಲನ್ನು ಗೋಡೆಯ ಗೂಡಿನಲ್ಲಿ ಇಡುತ್ತೇವೆ, ಇಲ್ಲವಾದರೆ ಕಣ್ಣು ಮುಚ್ಚಿದರೂ ಬೆರಳು ಮಲಗುವದಿಲ್ಲ.

ಸಂಜೆ ಬಾರಾಕಮಾನಿನ ಹುಲ್ಲಿನ ಮೇಲೆ ಕೂಡುತ್ತೇವೆ. ಇದು ಎರಡನೆಯ ಅಲಿ ಆದಿಲಶಾಹನ ಗೋರಿ. 1672ರಲ್ಲಿ ಅವನು ತೀರಿಕೊಂಡಾಗ ಕಟ್ಟಡ ಮುಗಿದಿರಲಿಲ್ಲ, ಮುಂದೆಯೂ ಮುಗಿಯಲಿಲ್ಲ. ಛಾವಣಿಯಿಲ್ಲದ ಆ ಕಪ್ಪು ಕಮಾನುಗಳ ನಡುವೆ ಗಾಳಿ ಆಡುತ್ತದೆ. ಬೆಳಿಗ್ಗೆ ಎದೆಗೆ ಒದೆಯುತ್ತಿದ್ದ ಗಾಳಿ ಇದೇ ಎಂದರೆ ನಂಬಿಗೆ ಬರುವದಿಲ್ಲ. ಇಲ್ಲಿ ಒಂದು ನಿಯಮ: ಸೈಕಲ್ಲಿನ ಮಾತು ಆಡಕೂಡದು. ಆಡಿದವನು ಎಲ್ಲರಿಗೂ ಚುರುಮುರಿ, ಮಿರ್ಚಿ ಭಜಿ ಕೊಡಿಸಬೇಕು. ಈ ದಂಡವನ್ನು ಹೆಚ್ಚಾಗಿ ತೆತ್ತವನು ನಾನೇ. ಮಿಕ್ಕಂತೆ ಏನು ಮಾತನಾಡುತ್ತೇವೆಂದು ನೆನಪಿಸಿಕೊಂಡರೆ ಬರೆಯಲು ಯೋಗ್ಯವಾದದ್ದು ಒಂದೂ ಸಿಕ್ಕುವದಿಲ್ಲ. ವಾಣಿಜ್ಯದವನು ತನ್ನ ಮಾವನಂತೆ ನಡೆದು ತೋರಿಸುತ್ತಾನೆ. ತಿಕೋಟಾದವನು ಹಾಡುತ್ತಾನೆ, ನಾವು ಬೇಡವೆನ್ನುತ್ತೇವೆ. ಬೆಳಿಗ್ಗೆ ಐವತ್ತಕ್ಕೇ ಸರಿದವನನ್ನು ಯಾರೂ ಕೆಣಕುವದಿಲ್ಲ.

ಒಂದು ಸಂಜೆ ಮಾತ್ರ ಮಾತು ಬೇರೆ ದಾರಿ ಹಿಡಿಯಿತು. ಈ ವರ್ಷ ನಮ್ಮಲ್ಲಿ ಮೂವರ ಪದವಿ ಮುಗಿಯುತ್ತದೆ. ಒಬ್ಬನಿಗೆ ತೋಟ ಕಾಯ್ದಿದೆ, ಒಬ್ಬನು ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದಾನೆ, ನಾನು ಬಿ.ಎಡ್. ಅಥವಾ ಆಯ್ಕೆ ಶರ್ಯತ್ತು ಎಂದು ತೂಗುತ್ತಿದ್ದೇನೆ. ಮುಂದಿನ ಶ್ರಾವಣದಲ್ಲಿ ತಿಕೋಟಾದ ದಾರಿಗೆ ನಾಲ್ಕು ಸೈಕಲ್ಲು ಇರುವದಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಅಂದಿರಲಿಲ್ಲ. ಗ್ಯಾರೇಜಿನವನು ಹುಲ್ಲಿನ ಕಡ್ಡಿ ಮುರಿಯುತ್ತ, “ನೀವೆಲ್ಲ ಹೋದ ಮ್ಯಾಲೆ ನಾ ಯಾರ ಹಿಂದ ಹೋಗಲಿ?” ಎಂದ. ಯಾವಾಗಲೂ ಮುಂದೆಯೇ ಇರುವವನ ಬಾಯಿಂದ ಈ ಮಾತು ಬಂದದ್ದರಿಂದ ನಮಗೆ ಉತ್ತರ ಹೊಳೆಯಲಿಲ್ಲ. ವಾಣಿಜ್ಯದವನೇ ಮೊದಲು ಎಚ್ಚತ್ತು, “ಲೇ, ಇದು ಸೈಕಲ್ಲಿನ ಮಾತು. ತಾ ಭಜಿ!” ಎಂದು ಕೂಗಿದ. ಅಂದು ಮೊದಲನೆಯ ಸಲ ಅವನು ದಂಡ ತೆತ್ತ.

ಸೋಮವಾರ ಮುಂಜಾನೆ ನಾಡಿ 57 ಇತ್ತು. ಸೈಕಲ್ಲು ಗೋಡೆಗೆ ಒರಗಿತ್ತು. ಏಳರ ಸುಮಾರಿಗೆ ಅಪ್ಪನ ಫೋನು ಬಂತು.

“ಇವತ್ತ ಸೋಮಾರ. ಹೂಡಿಲ್ಲ ಹೌದಲ್ಲೋ?”

“ಇಲ್ಲಪ್ಪಾ. ಗ್ವಾದಲ್ಯಾಗ ಕಟ್ಟೇನಿ.”

“ಮೇವು?”

“ಹಾಕೇನಿ” ಎಂದೆ. ರೊಟ್ಟಿ ಬಾಯಲ್ಲಿಯೇ ಇತ್ತು.